ಔಟಾದ ಮಗು ಎಲ್ಲಿ ಕೂತಿದೆ?

ಕಳೆದ ವಾರ ಅಕ್ಕನ ಮಗಳನ್ನು ಕರೆತರಲು ಹೋದಾಗ ಸಂಜೆ ಐದೂವರೆ. ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಆ ಕೇಂದ್ರದ ವೇಳಾಪಟ್ಟಿಯಲ್ಲಿ ಐದರಿಂದ ಆರರವರೆಗೆ ಆಟ. ಅಂಗಳದಲ್ಲಿ ಹದಿನೆಂಟು ಮಕ್ಕಳು, ಒಂದೇ ಚೆಂಡು. ಸಾಲಿನಲ್ಲಿ ನಿಂತು, ಸರದಿ ಬಂದಾಗ ಬುಟ್ಟಿಗೆ ಎಸೆಯಬೇಕು. ಗುರಿ ತಪ್ಪಿದವರು ಔಟ್, ಗೋಡೆಗೊರಗಿ ಕೂರಬೇಕು. ನಮ್ಮ ಹುಡುಗಿ ಮೊದಲ ಎಸೆತಕ್ಕೇ ಔಟಾಗಿದ್ದಳಂತೆ. ನಾನು ನಿಂತು ನೋಡಿದ ಅಷ್ಟೂ ಹೊತ್ತು ಶೂ ಲೇಸು ಬಿಚ್ಚುತ್ತ ಕಟ್ಟುತ್ತ ಕೂತಿದ್ದಳು. ಡೈರಿಯಲ್ಲಿ ಮಾತ್ರ ‘ಆಟ: ಒಂದು ಗಂಟೆ’.

ಉಸಿರು ಬಿರುಸಾಗುವಂಥ ಚಟುವಟಿಕೆ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಮೆರಿಕದ ವೈಎಂಸಿಎ 2011ರಲ್ಲಿ ತನ್ನ ಸಂಜೆ ಕೇಂದ್ರಗಳಿಗೆ 30 ನಿಮಿಷದ ಗುರಿ ಹಾಕಿಕೊಂಡಿತು. ಗುರಿ ಮುಟ್ಟಿತೇ ಎಂದು ತಿಳಿಯಲು ಅಲ್ಲಿನ ಸಂಶೋಧಕರು ವೇಳಾಪಟ್ಟಿ ನಂಬಲಿಲ್ಲ. ಮಕ್ಕಳ ಸೊಂಟಕ್ಕೆ ಚಲನೆ ಅಳೆಯುವ ಯಂತ್ರ, ಅಕ್ಸೆಲೆರೋಮೀಟರ್ ಕಟ್ಟಿದರು. ಅದರಲ್ಲೂ ಎಚ್ಚರ ಬೇಕು. 1995ರ ಒಂದು ಅಧ್ಯಯನದಲ್ಲಿ 15 ಮಕ್ಕಳನ್ನು ಮೂರು ಸೆಕೆಂಡಿಗೊಮ್ಮೆ ಗಮನಿಸಿದಾಗ, ಅವರ ಬಿರುಸಿನ ಓಟ ಕುಣಿತಗಳು ಬಹುಪಾಲು 15 ಸೆಕೆಂಡಿನೊಳಗೇ ಮುಗಿಯುತ್ತಿದ್ದವು. ಮಕ್ಕಳು ದೊಡ್ಡವರಂತೆ ಒಂದೇ ಸಮನೆ ವಾಕಿಂಗ್ ಹೋಗುವವರಲ್ಲ. ಚಿಮ್ಮುತ್ತಾರೆ, ನಿಲ್ಲುತ್ತಾರೆ, ಮತ್ತೆ ಚಿಮ್ಮುತ್ತಾರೆ. ನಿಮಿಷಕ್ಕೊಮ್ಮೆ ಸರಾಸರಿ ತೆಗೆಯುವ ಯಂತ್ರಕ್ಕೆ ಆ ಚಿಮ್ಮುವಿಕೆ ಸಿಗುವುದೇ ಇಲ್ಲ.

ಯಂತ್ರವಿಲ್ಲದೆಯೂ ಅಳೆಯಬಹುದು. ಥಾಮಸ್ ಮೆಕೆಂಜಿ ರೂಪಿಸಿದ ‘ಸೋಪ್ಲೇ’ ವಿಧಾನದಲ್ಲಿ ಅಂಗಳದ ಒಂದು ಬದಿ ನಿಂತು ಎಡದಿಂದ ಬಲಕ್ಕೆ ಕಣ್ಣು ಹಾಯಿಸಿ ಎಣಿಸುತ್ತಾರೆ: ಸುಮ್ಮನಿರುವವರೆಷ್ಟು, ನಡೆಯುವವರೆಷ್ಟು, ಓಡುವವರೆಷ್ಟು. ಹುಡುಗರ ಲೆಕ್ಕ ಬೇರೆ, ಹುಡುಗಿಯರದು ಬೇರೆ. ನಮ್ಮ ಫಿಟ್ ಇಂಡಿಯಾ ಪರೀಕ್ಷೆಯಲ್ಲಿ 600 ಮೀಟರ್ ಓಟಕ್ಕೆ ಹಿಡಿದ ಸಮಯ ಬರೆದುಕೊಳ್ಳುತ್ತೇವೆ. ಅದು ಮೈಯ ತಾಕತ್ತಿನ ಅಳತೆ. ನಿನ್ನೆ ಸಂಜೆ ಮಗು ಎಷ್ಟು ಆಡಿತು ಎಂಬುದರ ಅಳತೆಯಲ್ಲ.

ಸೌತ್ ಕೆರೊಲಿನಾದ ಮೈಕಲ್ ಬೀಟ್ಸ್ ತಂಡ ಆಟದ ನಿಯಮಗಳಿಗೇ ಕೈ ಹಾಕಿತು: ಸಾಲು ಬೇಡ, ಔಟ್ ಮಾಡಿ ಕೂರಿಸುವುದು ಬೇಡ, ತಂಡ ಚಿಕ್ಕದಿರಲಿ. ಓದಿದಾಗ ನಮ್ಮ ಮುಟ್ಟಾಟ ನೆನಪಾಯಿತು. ಅಲ್ಲಿ ಸಿಕ್ಕಿಬಿದ್ದ ಮಗು ಕೂರುವುದಿಲ್ಲ, ಅದೇ ಮಿಕ್ಕವರನ್ನು ಅಟ್ಟಿಸಿಕೊಂಡು ಓಡುತ್ತದೆ. ಔಟ್ ಮಾಡಿ ಕೂರಿಸುವ ಆಟಗಳಲ್ಲಾದರೋ ಓಡಲಾರದ ಮಗುವೇ ಎಲ್ಲರಿಗಿಂತ ಮೊದಲು ಔಟಾಗುತ್ತದೆ, ಓಟ ಬೇಕಾದದ್ದೂ ಅದಕ್ಕೇ.

ಕೇಂದ್ರದ ಮೇಡಂ ಅವರನ್ನು ಕೇಳಿಕೊಂಡೆ: ಇನ್ನು ನಾಲ್ಕು ಚೆಂಡು ನಾನು ತಂದುಕೊಡುತ್ತೇನೆ, ಔಟಾದವರನ್ನು ಕೂರಿಸಬೇಡಿ.

“ತುಂಬಾ ಗಲಾಟೆ ಆಗುತ್ತೆ ಸರ್,” ಎಂದರು.

“ಆಗಲಿ ಮೇಡಂ.”