ಹೊಸ ಯಕೃತ್ತು, ಹಳೆಯ ಬೇರು

ನರಿಮೊಗರಿನಂಥ ಅಡಿಕೆಯ ಊರುಗಳಲ್ಲಿ ಅಣಬೆ ರೋಗವೆಂದರೇನೆಂದು ವಿವರಿಸಬೇಕಾಗಿಲ್ಲ. ಸತ್ತ ಮರವನ್ನು ಕಡಿದು ಹೊಸ ಸಸಿ ನೆಟ್ಟ ಮಾತ್ರಕ್ಕೆ ಸಾಲದು; ಹಳೆಯ ಬುಡವನ್ನೂ ಬೇರನ್ನೂ ಅಗೆದು ಸುಡದಿದ್ದರೆ, ಮಣ್ಣಿನಲ್ಲಿ ಉಳಿದ ರೋಗ ಹೊಸ ಸಸಿಯನ್ನೂ ಹಿಡಿಯಬಹುದು. ಯಕೃತ್ತನ್ನೇ ಬದಲಿಸಿದ ಮೇಲೂ ಪಿತ್ತನಾಳದ ಕ್ಯಾನ್ಸರ್ ಮರಳುವುದೇಕೆ ಎಂಬ ಪ್ರಶ್ನೆಗೆ ಉತ್ತರವೂ ಬಹುಮಟ್ಟಿಗೆ ಇದೇ.

ಯಕೃತ್ತಿನಿಂದ ಕರುಳಿಗೆ ಪಿತ್ತರಸವನ್ನು ಒಯ್ಯುವ ಕೊಳವೆಯೇ ಪಿತ್ತನಾಳ. ಅದರ ಎರಡು ಕವಲುಗಳು ಕೂಡುವೆಡೆಯಲ್ಲಿ ಗಡ್ಡೆ ಬೆಳೆದರೆ ಅದನ್ನಷ್ಟೇ ಕತ್ತರಿಸಿ ತೆಗೆಯುವುದು ಅನೇಕ ವೇಳೆ ಅಸಾಧ್ಯ. ಆಗ ಯಕೃತ್ತಿನ ಕಸಿಯ ವಿಚಾರ ಬರುತ್ತದೆ. ಆದರೆ ರೋಗದ ಕಣಗಳು ಅಷ್ಟರಲ್ಲೇ ದುಗ್ಧಗ್ರಂಥಿಗಳಿಗೋ ಹೊಟ್ಟೆಯ ಪೊರೆಗೋ ಹರಡಿದ್ದರೆ, ತೆಗೆದ ಯಕೃತ್ತಿನೊಡನೆ ಅವು ಹೊರಗೆ ಹೋಗುವುದಿಲ್ಲ.

1967ರಲ್ಲಿ ಅಮೆರಿಕದ ಡೆನ್ವರಿನಲ್ಲಿ ಡಾ. ಥಾಮಸ್ ಸ್ಟಾರ್ಜಲ್ ಯಕೃತ್ತಿನ ಕ್ಯಾನ್ಸರಾದ ಮಗುವೊಂದಕ್ಕೆ ಕಸಿ ಮಾಡಿದರು. ಹೊಸ ಯಕೃತ್ತು ಕೆಲಸ ಮಾಡಿತು. ಮಗು ಒಂದು ವರ್ಷಕ್ಕೂ ಮೇಲ್ಪಟ್ಟು ಬದುಕಿತು. ಕೊನೆಗೆ ಪ್ರಾಣ ತೆಗೆದುದು ಮರಳಿ ಬಂದ ಕ್ಯಾನ್ಸರೇ. ಪಿತ್ತನಾಳದ ಕ್ಯಾನ್ಸರಿಗೆ ಮಾಡಿದ ಆರಂಭದ ಕಸಿಗಳಲ್ಲಿಯೂ ರೋಗ ಮೇಲಿಂದ ಮೇಲೆ ಮರುಕಳಿಸಲು, ವೈದ್ಯರು ಆ ಹಾದಿಯನ್ನೇ ಬಹುಮಟ್ಟಿಗೆ ಕೈಬಿಟ್ಟರು.

1993ರಲ್ಲಿ ಮೇಯೊ ಕ್ಲಿನಿಕ್ ಹೊಸ ಕ್ರಮವನ್ನು ಹಿಡಿಯಿತು. ಗಡ್ಡೆ 3 ಸೆಂಟಿಮೀಟರಿಗೆ ಮೀರಿರಬಾರದು, ಮೊದಲು ವಿಕಿರಣ ಮತ್ತು ಔಷಧ, ಬಳಿಕ ಹೊಟ್ಟೆಯೊಳಗೆ ರೋಗ ಹರಡಿಲ್ಲವೆಂಬ ಪರೀಕ್ಷೆ, ಅನಂತರವೇ ಕಸಿ. ಅಮೆರಿಕದ 12 ಕೇಂದ್ರಗಳ ಅನುಭವವನ್ನು 2012ರಲ್ಲಿ ಲೆಕ್ಕ ಹಾಕಿದಾಗ, ಹೀಗೆ ಕಸಿಯಾದವರಲ್ಲಿ ಶೇಕಡ 65ರಷ್ಟು ಮಂದಿ 5 ವರ್ಷ ರೋಗ ಮರುಕಳಿಸದೆ ಬದುಕಿದ್ದರು. ಆದರೂ ಕೆಲವರಲ್ಲಿ ಅದು ಮರಳಿತ್ತು. ಮರಳಿದ ರೋಗವನ್ನು ಔಷಧದಿಂದ ಕೆಲಕಾಲ ತಡೆಹಿಡಿಯಬಹುದೇ ಹೊರತು ಗುಣವಾಗುವುದು ವಿರಳ.

ಇಲ್ಲೊಂದು ಇಕ್ಕಟ್ಟುಂಟು. ಪರರ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ಕೊಡುವ ಔಷಧ ದೇಹದ ಕಾವಲನ್ನೇ ಸಡಿಲಿಸುತ್ತದೆ. ಅಳಿದುಳಿದ ಕ್ಯಾನ್ಸರ್ ಕಣಗಳಿಗೆ ಅದು ಅನುಕೂಲವಾಗಬಹುದು. ಹಾಗೆಂದು ರೋಗಿ ತಾನಾಗಿ ಔಷಧ ನಿಲ್ಲಿಸಿದರೆ ಹೊಸ ಯಕೃತ್ತೇ ಕೆಡುವುದು. ಪ್ರಮಾಣವನ್ನು ವೈದ್ಯರೇ ತೂಗಿ ನಿರ್ಧರಿಸತಕ್ಕದ್ದು. ಕಸಿಯ ಬಳಿಕ ಮತ್ತೆ ಕಾಮಾಲೆ ಕಂಡರೆ ಅದು ಕ್ಯಾನ್ಸರೇ ಎಂದು ಎದೆಗುಂದಬೇಕಾಗಿಲ್ಲ. ನಾಳ ಕಿರಿದಾದರೂ ಹಾಗಾಗುತ್ತದೆ. ಆದರೆ ಪರೀಕ್ಷೆಗೆ ತಡ ಸಲ್ಲದು.

ಯಕೃತ್ತಿನ ಭಾಗವನ್ನು ನೀಡುವವರು ಅನೇಕ ವೇಳೆ ಮಗನೋ ಮಗಳೋ ಆಗಿರುವುದರಿಂದ, ರೋಗ ಹರಡಿದೆಯೇ ಎಂಬ ಪ್ರಶ್ನೆಯನ್ನು ಮನೆಯವರು ಮೊದಲೇ ಕೇಳಿ ತಿಳಿಯುವುದು ನ್ಯಾಯ. ಅದಕ್ಕೂ ಮೊದಲಿನ ಮಾತೊಂದುಂಟು: ಕಾಮಾಲೆಯೊಡನೆ ಮೈತುರಿಕೆ, ಬಿಳಿಚಿದ ಮಲ ಕಂಡುಬಂದರೆ, ಹಳ್ಳಿಮದ್ದಿನಲ್ಲಿ ವಾರಗಳನ್ನು ಕಳೆಯದೆ ಆಸ್ಪತ್ರೆಗೆ ಹೋಗುವುದು. ಗಡ್ಡೆ ಚಿಕ್ಕದಿರುವಾಗಲೇ ಬೇರು ಕೀಳುವ ಅವಕಾಶವಿರುತ್ತದೆ.