ಸಹಿ ಹಾಕುವ ಮುನ್ನ



ಹೋದ ಮಳೆಗಾಲದ ಒಂದು ಸಂಜೆ ಉದಗೀರದಿಂದ ನಿವೃತ್ತ ಮಾಸ್ತರರೊಬ್ಬರು ನಮ್ಮನ್ನು ಹುಡುಕಿಕೊಂಡು ಬಂದರು. ಭಾಲ್ಕಿಯ ಮೇಲೆ ಬೀದರಿಗೆ ರೈಲಿನಲ್ಲಿ ಬಂದು, ಅಲ್ಲಿಂದ ಬಸ್ಸು ಹಿಡಿದು, ಕೊಡೆ ಇದ್ದರೂ ಅರ್ಧ ನೆನೆದಿದ್ದರು. ಅವರ ಮನೆಮಾತು ಕನ್ನಡ. ಮೂವತ್ತು ವರ್ಷ ಪಾಠ ಹೇಳಿದ್ದು ಮರಾಠಿಯಲ್ಲಿ. ಚಹಾ ಕುಡಿದು, ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು.

"ಫಾದರ್, ಟ್ರಸ್ಟಿ ಆಗ್ರಿ ಅಂತ ನನಗ ಗಂಟುಬಿದ್ದಾರ. ಉಮರ್ಗಾ, ನಿಲಂಗಾ, ಉದಗೀರ ಮೂರೂ ತಾಲ್ಲೂಕಿನ ಶಾಲೆಯೊಳಗ ನೀರು, ಮಣ್ಣು, ಮರದ ಪಾಠ ಹೇಳೋ ಸಂಸ್ಥಾ. ಪಗಾರ ಇಲ್ಲ, ಏನಿಲ್ಲ. ಬರೇ ಸಹಿ ಹಾಕೋ ಕೆಲಸ ಅಂತಾರ. ಹಾಕ್ಲ್ಯಾ?"

"ಬರೇ ಸಹಿ ಹಾಕೋ ಕೆಲಸ" ಎಂಬ ಮಾತು ಕೇಳುತ್ತಲೇ ನಮಗೆ ಒಳಗೊಳಗೇ ಕಸಿವಿಸಿಯಾಯಿತು. ಅದರ ಕಾರಣವನ್ನು ಮಾಸ್ತರರಿಗೆ ಅಂದೇ ಹೇಳಿದೆವು. ಇಂದು ನಿಮಗೂ ಹೇಳುತ್ತೇವೆ.

ಸುಮಾರು ಹನ್ನೆರಡು ವರ್ಷಗಳ ಹಿಂದೆ ನಾವೂ ಇಂಥದೊಂದು ಸಂಸ್ಥೆಯ ಟ್ರಸ್ಟಿಯಾಗಿದ್ದೆವು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಊರಿನ ಸ್ವಾಮಿಗಳ ಹೆಸರು ಪಟ್ಟಿಯಲ್ಲಿದ್ದರೆ ಜನ ನಂಬುತ್ತಾರೆ ಎಂದರು, ನಾವು ಹಿಗ್ಗಿ ಒಪ್ಪಿದೆವು. ಮೂರು ವರ್ಷದಲ್ಲಿ ಎರಡು ಸಭೆಗೆ ಹೋದೆವು. ಉಳಿದ ಸಭೆಗಳ ನಡಾವಳಿ ಪುಸ್ತಕ ಮನೆಗೇ ಬರುತ್ತಿತ್ತು. ಬಲಿಪೂಜೆಗೆ ಹೊರಡುವ ಆತುರದಲ್ಲಿ, ಓದದೆ, ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕುತ್ತಿದ್ದೆವು. ಒಂದು ವರ್ಷ ಶಾಲೆಯೊಂದರ ಬಯಲಿನಲ್ಲಿ ಐನೂರು ಸಸಿ ನೆಟ್ಟರು. ಫೋಟೋ ಬಂತು, ಅದರಲ್ಲಿ ನಾವೂ ಗುದ್ದಲಿ ಹಿಡಿದು ನಿಂತಿದ್ದೆವು. ಮರುವರ್ಷ ಮೇ ತಿಂಗಳಲ್ಲಿ ಬೇರೆ ಯಾವುದೋ ಕೆಲಸಕ್ಕೆ ಅದೇ ಶಾಲೆಗೆ ಹೋದಾಗ ಆರನೆಯ ತರಗತಿಯ ಹುಡುಗಿಯೊಬ್ಬಳು ಗುರುತು ಹಿಡಿದು, "ಫಾದರ್, ನಮ್ಮ ಗಿಡಕ್ಕ ನೀರು ಹಾಕೋರು ಯಾರೂ ಬರಲಿಲ್ರಿ" ಅಂದಳು. ಬಯಲಿನಲ್ಲಿ ಕುಣಿಗಳು ಮಾತ್ರ ಉಳಿದಿದ್ದವು. ನೀರು ಹಾಕುವ ಆಳಿಗೆಂದು ಹತ್ತು ತಿಂಗಳ ಕೂಲಿ ಬರೆದಿದ್ದ ಖರ್ಚಿನ ಚೀಟಿಯ ಕೆಳಗೆ ನಮ್ಮದೇ ಸಹಿ ಇತ್ತು.

ಹಣ ನಾವು ತಿನ್ನಲಿಲ್ಲ, ನಿಜ. ಆದರೆ ಆ ಹುಡುಗಿಗೆ ನಾವು ಏನೆಂದು ಉತ್ತರ ಕೊಡಬೇಕಿತ್ತು? ರಾಜೀನಾಮೆ ಕೊಟ್ಟು ಹೊರಬಂದೆವು. ಅದೂ ಧೈರ್ಯದ ಕೆಲಸವಾಗಿರಲಿಲ್ಲ. ನಿಂತು ಲೆಕ್ಕ ಕೇಳಬೇಕಾಗಿತ್ತು, ನಾವು ಕೇಳಲಿಲ್ಲ.

ಟ್ರಸ್ಟಿ ಎಂಬುದಕ್ಕೆ ಕನ್ನಡದಲ್ಲಿ ನಾವು ಧರ್ಮದರ್ಶಿ ಎನ್ನುತ್ತೇವೆ, ಮರಾಠಿಯವರು ವಿಶ್ವಸ್ತ ಎನ್ನುತ್ತಾರೆ. ಗಡಿಯಲ್ಲಿ ಬಾಳುವ ಮಾಸ್ತರರಿಗೆ ಎರಡೂ ಗೊತ್ತು. ಒಂದರಲ್ಲಿ ಧರ್ಮವನ್ನು ಕಾಣುವವನು, ಇನ್ನೊಂದರಲ್ಲಿ ನಂಬಿಕೆಗೆ ಒಳಗಾದವನು. ಸಹಿ ಹಾಕುವವನು ಎಂಬ ಅರ್ಥ ಎರಡು ಭಾಷೆಯಲ್ಲೂ ಇಲ್ಲ.

ಈ ಮೂರು ತಾಲ್ಲೂಕುಗಳ ವಿಷಯ ನಮ್ಮ ಅನೇಕ ಓದುಗರಿಗೆ ಗೊತ್ತಿರಲಾರದು. ನಿಲಂಗಾ ಮತ್ತು ಉದಗೀರ 1956ರವರೆಗೆ ಹೈದರಾಬಾದ್ ರಾಜ್ಯದ ನಮ್ಮ ಬೀದರ್ ಜಿಲ್ಲೆಗೇ ಸೇರಿದ್ದವು. ರಾಜ್ಯ ಪುನರ್ವಿಂಗಡಣೆಯಾದಾಗ ಆಚೆಗೆ ಹೋದವು, 1982ರಲ್ಲಿ ಲಾತೂರ್ ಜಿಲ್ಲೆಯಾದಾಗ ಅದರ ಪಾಲಾದವು. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯದು, 2023ರಿಂದ ಆ ಜಿಲ್ಲೆಗೆ ಧಾರಾಶಿವ ಎಂದು ಹೆಸರು. ಗಡಿ ರೇಖೆ ಎಳೆದರೂ ಮಾಂಜ್ರಾ ನದಿ ಹಾಗೆಯೇ ಹರಿಯುತ್ತದೆ, ಅಲ್ಲಿಂದ ಇಳಿದು ನಮ್ಮ ಬೀದರ್ ಜಿಲ್ಲೆಗೆ ಬರುತ್ತದೆ. ಅಲ್ಲಿ ನೀರು ಹೇಗೆ ಬಳಸುತ್ತಾರೆ ಎಂಬುದು ಇಲ್ಲಿಯ ಮನೆಗಳ ಪ್ರಶ್ನೆಯೂ ಹೌದು.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯ ಸುತ್ತ ಭೂಮಿ ನಡುಗಿದ್ದನ್ನು ಹಿರಿಯರು ಮರೆತಿಲ್ಲ. ಸುಮಾರು ಹತ್ತು ಸಾವಿರ ಜನ ಕಲ್ಲು ಮಣ್ಣಿನ ಗೋಡೆಗಳ ಕೆಳಗೆ ತೀರಿಹೋದರು. ಆಮೇಲೆ ಅಲ್ಲಿಗೆ ಸಂಸ್ಥೆಗಳು ಸಾಲುಗಟ್ಟಿ ಬಂದವು. ಕೆಲವು ಫೋಟೋ ತೆಗೆಸಿಕೊಂಡು ಹೋದವು, ಕೆಲವು ನಿಂತವು. ನಿಂತವರಲ್ಲಿ ಪ್ರೇಮಾ ಗೋಪಾಲನ್ ಅವರ ಸ್ವಯಂ ಶಿಕ್ಷಣ ಪ್ರಯೋಗ ಒಂದು. ಮನೆ ಕಟ್ಟುವ ಕೆಲಸದಲ್ಲಿ ಹೆಂಗಸರನ್ನು ಮುಂದೆ ತಂದು, ನಂತರ ಬರ ಬಂದಾಗ ಒಂದೊಂದು ಎಕರೆಯಲ್ಲಿ ಕಬ್ಬಿನ ಬದಲು ಮನೆಗೆ ಬೇಕಾದ ಕಾಳು, ತರಕಾರಿ ಬೆಳೆಯುವುದನ್ನು ಕಲಿಸಿದ ಸಂಸ್ಥೆ ಅದು. 2016ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಅದಕ್ಕೆ ಬಂತು.

ಅದೇ 2016ರಲ್ಲಿ ಲಾತೂರಿನ ಜನ ಕುಡಿಯುವ ನೀರಿಗೆ ರೈಲಿನ ದಾರಿ ಕಾಯುತ್ತಿದ್ದರು. ಮಾಂಜ್ರಾ ಅಣೆಕಟ್ಟು ಬತ್ತಿತ್ತು. ನೀರಿನ ಟ್ಯಾಂಕುಗಳ ಬಳಿ ಗುಂಪು ಸೇರಬಾರದೆಂದು 144ನೇ ಕಲಂ ಹಾಕಿದ್ದರು. ಏಪ್ರಿಲ್ 12ರಂದು ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಮೀರಜಿನಿಂದ ಐದು ಲಕ್ಷ ಲೀಟರ್ ನೀರು ಹೊತ್ತು ಮೊದಲ ರೈಲು ಬಂತು. ಮಳೆಯೇ ಇಲ್ಲದ ಸೀಮೆ ಅದಲ್ಲ. ಸಾಧಾರಣ ವರ್ಷದಲ್ಲಿ ಏಳುನೂರು ಮಿಲಿಮೀಟರಿಗೂ ಮಿಕ್ಕಿ ಬೀಳುತ್ತದೆ. 2025ರ ಸೆಪ್ಟೆಂಬರಿನಲ್ಲಂತೂ ಬೇಡವೆಂದರೂ ಸುರಿದು ಹೊಲಗಳನ್ನು ಮುಳುಗಿಸಿತು. ಕಪ್ಪು ಮಣ್ಣಿನ ಕೆಳಗೆ ಗಟ್ಟಿ ಕರಿಕಲ್ಲು. ನೀರು ನಿಲ್ಲುವುದು ಅದರ ಮೇಲಿನ ಸವೆದ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ. ಇನ್ನೂ ಆಳಕ್ಕೆ ಕೊರೆದರೆ ಸಿಗುವುದು ಹೆಚ್ಚಾಗಿ ಧೂಳು ಮತ್ತು ಸಾಲ. ಶಾಲೆಯ ಮಕ್ಕಳಿಗೆ ಈ ಒಂದು ಸಂಗತಿ ಮನದಟ್ಟಾದರೂ ಸಾಕು, ಮಾಸ್ತರರ ಸಂಸ್ಥೆ ಸಾರ್ಥಕ ಎಂದು ನಮಗನಿಸುತ್ತದೆ. ಪರಿಸರದ ಪಾಠ ಎಲ್ಲ ಶಾಲೆಯಲ್ಲೂ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 1991ರಲ್ಲಿ. ಪುಸ್ತಕಕ್ಕೆ ಅದು ಬಂದಿದೆ. ಊರಿನ ಬಾವಿಯವರೆಗೆ ಬಂದಿದೆಯೇ ಎಂಬುದು ಬೇರೆ ಮಾತು.

ಬಾವಿಯವರೆಗೆ ಹೋದವರೊಬ್ಬರನ್ನು ನೆನೆಯಬೇಕು. ಯೇಸುಸಭೆಯ ಫಾದರ್ ಹರ್ಮನ್ ಬಾಕರ್, ಸ್ವಿಟ್ಜರ್ಲೆಂಡಿನವರು, ಜೀವಮಾನವೆಲ್ಲ ಅಹಮದ್‌ನಗರದ ಸುತ್ತಿನ ಬರಡು ಹಳ್ಳಿಗಳಲ್ಲಿ ದುಡಿದು 2021ರಲ್ಲಿ ತೀರಿಕೊಂಡರು. ಕ್ರಿಸ್ಪಿನೋ ಲೋಬೋ ಅವರೊಂದಿಗೆ ಸೇರಿ 1993ರಲ್ಲಿ ಜಲಾನಯನ ಕೆಲಸಕ್ಕೆಂದೇ ಒಂದು ಟ್ರಸ್ಟ್ ಕಟ್ಟಿದರು, ವಾಟರ್‌ಶೆಡ್ ಆರ್ಗನೈಸೇಷನ್ ಟ್ರಸ್ಟ್. ಗುಡ್ಡದ ನೆತ್ತಿಯಿಂದ ಕೆಲಸ ಶುರುಮಾಡಿ ಕಣಿವೆಗೆ ಇಳಿಯಬೇಕು, ಊರಿನವರ ಶ್ರಮದಾನವಿಲ್ಲದೆ ಹಣ ಬಿಚ್ಚಬಾರದು ಎಂಬುದು ಅವರ ಕೆಲಸದ ಕ್ರಮ. ಮೇಲೆ ಬಿದ್ದ ನೀರನ್ನು ಮೇಲೆಯೇ ತಡೆಯದೆ ಕೆಳಗೆ ಕಟ್ಟೆ ಕಟ್ಟಿದರೆ ಅದು ಹೂಳು ತುಂಬುತ್ತದೆ, ಅಷ್ಟೆ.

ಅದೇ ಜಿಲ್ಲೆಯ ಹಿವರೆ ಬಜಾರ್ ಊರಿನ ಹೆಸರು ನೀವು ಕೇಳಿರಬಹುದು. ಪೋಪಟರಾವ್ ಪವಾರ್ ಅಲ್ಲಿಯ ಸರಪಂಚರಾದದ್ದು 1989ರಲ್ಲಿ. ಲಾತೂರಿಗಿಂತ ಎಷ್ಟೋ ಕಡಿಮೆ ಮಳೆಯ ಊರು ಅದು. ಆದರೂ ಅವರು ಮಳೆಗಾಲ ಮುಗಿದ ಮೇಲೆ ಗ್ರಾಮಸಭೆಯಲ್ಲಿ ನೀರಿನ ಲೆಕ್ಕ ಹಾಕುತ್ತಾರೆ, ಮನೆಗೆ ಇಷ್ಟು, ದನಕ್ಕೆ ಇಷ್ಟು, ಉಳಿದದ್ದಕ್ಕೆ ಯಾವ ಬೆಳೆ ಎಂದು ನಿರ್ಧರಿಸುತ್ತಾರೆ. ಕಬ್ಬಿಗೆ ಅಲ್ಲಿ ಅವಕಾಶವಿಲ್ಲ, ಬೇಸಾಯಕ್ಕೆ ಕೊಳವೆಬಾವಿ ಕೊರೆಯುವಂತಿಲ್ಲ. ಕೊಡಲಿಗೆ ತಡೆ, ಬಿಟ್ಟಿ ಮೇವಿಗೆ ತಡೆ, ಕುಡಿತಕ್ಕೆ ತಡೆ, ಶ್ರಮದಾನ, ಇವೆಲ್ಲ ಅಲ್ಲಿಯ ಪಂಚಸೂತ್ರದಲ್ಲಿವೆ. ಐದನೆಯದು ಕುಟುಂಬ ನಿಯಂತ್ರಣದ ಶಸ್ತ್ರಚಿಕಿತ್ಸೆ. ಅದರಲ್ಲಿ ನಮ್ಮ ಧರ್ಮಸಭೆಯ ನಿಲುವು ಬೇರೆ ಎಂಬುದನ್ನು ಮುಚ್ಚಿಡುವುದಿಲ್ಲ. ಹಾಗೆಂದು ಉಳಿದ ನಾಲ್ಕನ್ನು ಅವರಿಂದ ಕಲಿಯದಿರುವಷ್ಟು ದೊಡ್ಡವರು ನಾವಲ್ಲ.

ಮಾಸ್ತರರಿಗೆ ಇಷ್ಟೆಲ್ಲ ಹೇಳಿ, "ಕೆಲಸ ಒಳ್ಳೇದು ಮಾಸ್ತರೇ. ಒಳ್ಳೇ ಕೆಲಸ ಅಂತಲೇ ಕಾಗದ ನೋಡದೆ ಒಪ್ಪಬ್ಯಾಡ್ರಿ" ಅಂದೆವು. ಆ ರಾತ್ರಿ ಇಬ್ಬರೂ ಕುಳಿತು, ಅವರು ಕೇಳಬೇಕಾದ್ದನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆವು. ಮೊದಲು ಟ್ರಸ್ಟಿನ ಮೂಲ ಪತ್ರ ಓದಬೇಕು. ಸಂಸ್ಥೆ ಏನು ಮಾಡಲು ಹುಟ್ಟಿತು, ಸಭೆಗೆ ಎಷ್ಟು ಜನ ಇರಬೇಕು, ಟ್ರಸ್ಟಿಯನ್ನು ತೆಗೆಯುವುದು ಹೇಗೆ ಎಂಬುದೆಲ್ಲ ಅದರಲ್ಲಿರುತ್ತದೆ. ಹಿಂದಿನ ಮೂರು ವರ್ಷದ ಆಡಿಟ್ ಆದ ಲೆಕ್ಕ ಕೇಳಬೇಕು. ಮಹಾರಾಷ್ಟ್ರದಲ್ಲಿ ಇಂಥ ಸಂಸ್ಥೆಗಳು 1950ರ ಸಾರ್ವಜನಿಕ ಟ್ರಸ್ಟುಗಳ ಕಾಯಿದೆಯ ಕೆಳಗೆ ಬರುತ್ತವೆ, ಮೇಲುಸ್ತುವಾರಿ ಧರ್ಮಾದಾಯ ಆಯುಕ್ತರದು. ಹೊಸ ಟ್ರಸ್ಟಿ ಬಂದರೆ ತೊಂಬತ್ತು ದಿನದೊಳಗೆ ಅಲ್ಲಿಗೆ ಬದಲಾವಣೆಯ ವರದಿ ಹೋಗಬೇಕು. ಅವರ ಅನುಮತಿ ಇಲ್ಲದೆ ಟ್ರಸ್ಟಿನ ಜಾಗ ಮಾರುವಂತಿಲ್ಲ. ಟ್ರಸ್ಟಿಯ ಅಲಕ್ಷ್ಯದಿಂದ ಸಂಸ್ಥೆಗೆ ನಷ್ಟವಾದರೆ ಕೈಯಿಂದ ತುಂಬಿಕೊಡಬೇಕಾಗಿಯೂ ಬರಬಹುದು. ಪಗಾರ ಇಲ್ಲದಿದ್ದರೂ ಹೊಣೆ ಪೂರ್ತಿ. ಹೊರದೇಶದ ಹಣ ಬರುತ್ತಿದೆಯೇ ಎಂದೂ ಕೇಳಬೇಕು. 2020ರ ತಿದ್ದುಪಡಿಯ ನಂತರ ಅದು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು.

ಇಲ್ಲಿ ಮಾಸ್ತರರು ಪೆನ್ನು ಕೆಳಗಿಟ್ಟು, ನಮಗೆ ಹೊಳೆಯದ ಒಂದು ಮಾತು ಹೇಳಿದರು. "ಮಕ್ಕಳನ್ನ ಬಾವಿ ತೋರಿಸ್ಲಾಕ ಕರ್ಕೊಂಡು ಹೋಗ್ತಾರ ಫಾದರ್. ನಮ್ಮ ಕಡಿ ಬಾವಿಗೆ ಕಟ್ಟಿ ಇರಂಗಿಲ್ಲ. ಎಷ್ಟು ಮಕ್ಕಳಿಗೆ ಎಷ್ಟು ದೊಡ್ಡೋರು ಹೋಗ್ತಾರ? ಹೆಣ್ಣುಮಕ್ಕಳ ಜೋಡಿ ಬಾಯಿ ಯಾರರ ಇರ್ತಾರೇನು? ಇದು ಯಾವ ಕಾಗದದಾಗೂ ಇಲ್ಲ." ಕ್ಯಾಲೆಂಡರಿನ ಮೇಲೆ ಅದನ್ನು ಎಲ್ಲಕ್ಕಿಂತ ಮೇಲೆ ಬರೆದರು. ಆಡಿಟರ್ ಕೇಳದ ಪ್ರಶ್ನೆಯನ್ನು ಮೂವತ್ತು ವರ್ಷ ಮಕ್ಕಳ ತಲೆ ಎಣಿಸಿದ ಮಾಸ್ತರ ಕೇಳಿದರು.

ಹೊರಡುವಾಗ ನಮ್ಮನ್ನೂ ಸಿಕ್ಕಿಸಲು ನೋಡಿದರು. "ನೀವೂ ಬರ್ರಿ ಫಾದರ್, ಇನ್ನೊಂದು ಜಾಗ ಖಾಲಿ ಅದ." ನಾವು ತಲೆಯಾಡಿಸಿದೆವು. ಗುರುಗಳು ಶ್ರೀಸಾಮಾನ್ಯರ ಸ್ವತ್ತಿನ ಆಡಳಿತವನ್ನಾಗಲಿ, ಲೆಕ್ಕ ಒಪ್ಪಿಸಬೇಕಾದ ಲೌಕಿಕ ಹುದ್ದೆಯನ್ನಾಗಲಿ ಧರ್ಮಾಧ್ಯಕ್ಷರ ಅನುಮತಿ ಇಲ್ಲದೆ ವಹಿಸಿಕೊಳ್ಳಬಾರದೆಂದು 1983ರ ಧರ್ಮಸಭಾ ಕಾನೂನು ಸಂಹಿತೆಯ 285ನೇ ವಿಧಿ ಹೇಳುತ್ತದೆ. ಗುರುಮಠದಲ್ಲಿ ಇದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆವು. ಹನ್ನೆರಡು ವರ್ಷದ ಹಿಂದೆ ಆ ಸಂಸ್ಥೆಗೆ ಸೇರುವಾಗ ಅನುಮತಿ ಕೇಳುವುದು ನೆನಪಾಗಲಿಲ್ಲ. ಕೇಳಿದ್ದರೆ ಧರ್ಮಾಧ್ಯಕ್ಷರು ನಾಲ್ಕು ಪ್ರಶ್ನೆ ಹಾಕುತ್ತಿದ್ದರು. ಆ ಪ್ರಶ್ನೆಗಳೇ ನಮ್ಮನ್ನು ಉಳಿಸುತ್ತಿದ್ದವೋ ಏನೋ. ಅದೇ ಸಂಹಿತೆ ಧರ್ಮಸಭೆಯ ಸ್ವತ್ತು ನೋಡುವವರು ಒಳ್ಳೆಯ ಮನೆಯಜಮಾನನ ಎಚ್ಚರದಿಂದ ನೋಡಬೇಕು ಎನ್ನುತ್ತದೆ. ಲೂಕನ ಶುಭಸಂದೇಶದ ಹದಿನಾರನೆಯ ಅಧ್ಯಾಯದಲ್ಲಿ ಧಣಿ ತನ್ನ ಪಾರುಪತ್ಯಗಾರನನ್ನು ಕರೆದು ಮೊದಲು ಕೇಳುವುದೂ ಲೆಕ್ಕವನ್ನೇ.

ಮಾಸ್ತರರ ಫೋನು ಬಂದದ್ದು ಒಂದೂವರೆ ತಿಂಗಳ ಮೇಲೆ. ಲೆಕ್ಕ ಕೇಳಿದ್ದಕ್ಕೆ ಸಂಸ್ಥೆಯವರು ಮೊದಲು ಮುಖ ಸಣ್ಣಗೆ ಮಾಡಿದರಂತೆ. ಮೂರು ವಾರ ಕಾಯಿಸಿ ಕೊಟ್ಟರಂತೆ. ಎರಡು ವರ್ಷದ್ದು ಸರಿಯಿತ್ತು, ಒಂದು ವರ್ಷದ್ದರಲ್ಲಿ ಶಾಲೆಗಳಿಗೆ ಕೊಟ್ಟ ಮಳೆಮಾಪಕಗಳ ರಶೀದಿ ಇರಲಿಲ್ಲ. ಮಾಸ್ತರರು ಬಸ್ಸು ಹತ್ತಿ ನಿಲಂಗಾದ ಶಾಲೆಗಳಿಗೆ ತಾವೇ ಹೋಗಿ ನೋಡಿದರು. ಮಳೆಮಾಪಕಗಳು ಇದ್ದವು. ಒಂದು ಶಾಲೆಯಲ್ಲಿ ಮಕ್ಕಳು ದಿನಾ ಬೆಳಿಗ್ಗೆ ಅಳತೆ ಬರೆದಿಟ್ಟ ವಹಿಯೂ ಸಿಕ್ಕಿತು, ಒಂದು ದಿನವೂ ತಪ್ಪಿರಲಿಲ್ಲ. ಆ ವಹಿ ನೋಡಿದ ಮೇಲೆ ಸಹಿ ಹಾಕಿದರಂತೆ. ಮೊದಲ ಸಭೆಯಲ್ಲಿ ಬಾವಿಯ ಮಾತೆತ್ತಿ, ಕಟ್ಟೆ ಇಲ್ಲದ ಬಾವಿಗೆ ಮಕ್ಕಳನ್ನು ಒಯ್ಯಬಾರದೆಂದು ನಡಾವಳಿಯಲ್ಲಿ ಬರೆಸಿದ್ದಾರೆ.

ನಾವು ಖುಷಿಪಟ್ಟು, "ಬಹಳ ಚಲೋ ಆಯ್ತು ಮಾಸ್ತರೇ" ಎನ್ನುವಷ್ಟರಲ್ಲಿ ಅವರು, "ಫಾದರ್, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಗುಡಿಯೊಳಗ ಜನರ ಮುಂದ ಲೆಕ್ಕ ಓದಿ ಎಷ್ಟು ದಿನ ಆಯ್ತು?" ಎಂದರು.

ಸಿಟ್ಟಾಗಲಿಲ್ಲ, ಆದರೆ ಬೆವರಿದೆವು. ಭಕ್ತಾದಿಗಳು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತಾದಿಗಳಿಗೇ ಒಪ್ಪಿಸಬೇಕೆಂದು ಅದೇ ಸಂಹಿತೆಯ 1287ನೇ ವಿಧಿಯಲ್ಲಿದೆ. ನಮ್ಮ ಹಣಕಾಸು ಸಮಿತಿ ಲೆಕ್ಕ ನೋಡುತ್ತದೆ, ಧರ್ಮಕ್ಷೇತ್ರಕ್ಕೆ ಪ್ರತಿ ಹೋಗುತ್ತದೆ. ಪೀಠದ ಮುಂದೆ ನಿಂತು ಓದಿದ್ದು ಮಾತ್ರ ಎರಡು ವರ್ಷದ ಹಿಂದೆ. ಬೀರುವಿನಿಂದ ವಹಿ ತೆಗೆದು ಸಮಿತಿಯ ಕಾರ್ಯದರ್ಶಿಯವರ ಕೈಗೆ ಕೊಟ್ಟಿದ್ದೇವೆ. ಬರುವ ತಿಂಗಳ ಮೊದಲ ಭಾನುವಾರ, ಎರಡನೇ ಬಲಿಪೂಜೆಯ ನಂತರ, ಗಂಟೆಗೋಪುರ ರಿಪೇರಿಯ ಖರ್ಚೂ ಸೇರಿ ಎರಡು ವರ್ಷದ ಲೆಕ್ಕವನ್ನು ಓದುತ್ತೇವೆ. ದಯವಿಟ್ಟು ಎದ್ದು ಹೋಗದೆ ಕುಳಿತಿರಿ, ಕೇಳಬೇಕಾದ್ದನ್ನು ಕೇಳಿ. ಉದಗೀರದಿಂದ ಮಾಸ್ತರರೂ ಬರುತ್ತೇನೆಂದಿದ್ದಾರೆ.