ಹದಿನಾರರ ಹುಡುಗಿಗೆ ಬೇಸಿಗೆ ರಜೆ ಯಾರು ಕೊಡ್ತಾರೆ?

ಎಸ್ಸೆಸ್ಸೆಲ್ಸಿಯ ಕೊನೆಯ ಪೇಪರ್ ಬರೆದ ಸಂಜೆಯೇ ಅಕ್ಕನ ಮಗಳ ವಾಟ್ಸಾಪ್ ಬಂತು. ‘ಮಾಮ, ರಜೆಗೆ ಓದೋಕೆ ಒಂದು ಲಿಸ್ಟ್ ಮಾಡ್ಕೊಡು. ಕಾದಂಬರಿನೇ ಬೇಕು. ನೀತಿಪಾಠ ಬೇಡ, ದೊಡ್ಡವರ ಗೋಳೂ ಬೇಡ.’ ಅವಳಿರುವುದು ಹಾಸನದಲ್ಲಿ. ಓದುವುದು ಕನ್ನಡ, ಇಂಗ್ಲಿಷ್ ಎರಡೂ. ಹತ್ತು ನಿಮಿಷದ ಕೆಲಸ ಅಂದುಕೊಂಡು ಕೂತೆ, ಎರಡು ವಾರ ಹಿಡಿಯಿತು.

ಇಂಗ್ಲಿಷ್ ಪಟ್ಟಿ ಸಲೀಸಾಗಿ ಆಯ್ತು. ಅಲ್ಲಿ ಹದಿಹರೆಯದವರಿಗೆಂದೇ ಬರೆದ ಕಾದಂಬರಿಗಳ ಒಂದು ಲೋಕವೇ ಇದೆ. ಅದಕ್ಕೆ ‘ಯಂಗ್ ಅಡಲ್ಟ್’ ಅಂತಾರೆ, ಚಿಕ್ಕದಾಗಿ ವೈಎ. ಪುಸ್ತಕದಂಗಡಿಗೆ ಹೋದರೆ ಬೇರೆಯದೇ ಕಪಾಟು. ಕನ್ನಡದ ಕಡೆ ತಿರುಗಿದರೆ ಆ ಕಪಾಟೇ ಇಲ್ಲ. ಒಂದು ಕಡೆ ಇಲಿ-ಬೆಕ್ಕಿನ ಕತೆ, ಇನ್ನೊಂದು ಕಡೆ ಸೀದಾ ‘ಸಂಸ್ಕಾರ’. ನಡುವೆ ನಿಂತ ಹದಿನಾರರ ಹುಡುಗಿಗೆ ಏನು ಕೊಡುವುದು?

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಮೂವತ್ತನಾಲ್ಕು, ಈಗಲೂ ವೈಎ ಓದುತ್ತೇನೆ. ಖುಷಿಯಿಂದಲೇ. ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ, ನಾಳೆ ಬೆಳಿಗ್ಗೆ ಸಿಗ್ನಲ್ಸ್ ಆ್ಯಂಡ್ ಸಿಸ್ಟಮ್ಸ್ ಇಂಟರ್ನಲ್ಸ್ ಇದೆ ಅನ್ನುವ ರಾತ್ರಿ, ಹಾಸ್ಟೆಲ್ ರೂಮಿನಲ್ಲಿ ‘ದ ಹಂಗರ್ ಗೇಮ್ಸ್’ ಹಿಡಿದು ಕೂತವನು ನಾನು. ‘ಹುಡುಗೀರ ಪುಸ್ತಕ ಓದ್ತಾನೆ’ ಅಂತ ರೂಮ್‌ಮೇಟ್ ಇಡೀ ಫ್ಲೋರಿಗೆ ಸಾರಿದ್ದ. ಇಂಟರ್ನಲ್ಸ್‌ನಲ್ಲಿ ಎಷ್ಟು ಬಂತು ಅಂತ ಕೇಳಬೇಡಿ.

ಈ ಪುಸ್ತಕಗಳಲ್ಲಿ ನನಗೆ ಹಿಡಿಸುವುದೇನು? ‘ದೊಡ್ಡವರ’ ಕಾದಂಬರಿಯ ನಾಯಕ ಹೆಚ್ಚಾಗಿ ಸೋತು ಸುಸ್ತಾಗಿರುತ್ತಾನೆ. ವ್ಯವಸ್ಥೆ ಹೇಗಿದೆ ಅಂತ ಅವನಿಗೆ ಗೊತ್ತು, ಅದರ ಜೊತೆ ರಾಜಿ ಮಾಡಿಕೊಂಡೂ ಆಗಿದೆ. ವೈಎ ನಾಯಕಿಗೆ ಅದೇ ವ್ಯವಸ್ಥೆ ಮೊದಲ ಸಲ ಕಣ್ಣಿಗೆ ಬೀಳುತ್ತಿರುತ್ತದೆ. ‘ಇದು ಯಾಕೆ ಹೀಗೆ? ಯಾರು ಹೀಗೆ ಮಾಡಿದ್ದು?’ ಅಂತ ಕೇಳುವಷ್ಟು ಸಿಟ್ಟು ಅವಳಲ್ಲಿ ಇನ್ನೂ ಇದೆ. ರಾಜಕೀಯ ವರದಿ ಮಾಡಿ ಮಾಡಿ ನನ್ನಲ್ಲಿ ಸವೆದುಹೋಗಿರುವ ಸಿಟ್ಟು ಅದು.

ಈ ಪ್ರಕಾರ ಶುರುವಾದದ್ದೂ ಸಿಟ್ಟಿನಿಂದಲೇ. ಎಸ್.ಇ. ಹಿಂಟನ್ ಎಂಬ ಅಮೆರಿಕದ ಹುಡುಗಿ ಹದಿನೈದರ ವಯಸ್ಸಿನಲ್ಲಿ ಬರೆಯತೊಡಗಿದ ‘ದ ಔಟ್‌ಸೈಡರ್ಸ್’ 1967ರಲ್ಲಿ ಅಚ್ಚಾದಾಗ ಅವಳಿಗೆ ಹದಿನೆಂಟು. ಬಡವರ ಮನೆ ಹುಡುಗರು, ಸಾಹುಕಾರರ ಮನೆ ಹುಡುಗರು, ಅವರ ನಡುವಿನ ಹೊಡೆದಾಟ. ತನ್ನ ವಯಸ್ಸಿನವರ ನಿಜವಾದ ಬದುಕು ಯಾವ ಪುಸ್ತಕದಲ್ಲೂ ಇಲ್ಲ ಅಂತ ಅವಳೇ ಬರೆದಳು.

‘ಹಂಗರ್ ಗೇಮ್ಸ್’ ಬಂದದ್ದು 2008ರಲ್ಲಿ. ಟಿವಿ ಚಾನೆಲ್ ಬದಲಿಸುತ್ತಾ ಕೂತಿದ್ದಾಗ ಒಂದರಲ್ಲಿ ರಿಯಾಲಿಟಿ ಶೋ, ಇನ್ನೊಂದರಲ್ಲಿ ಇರಾಕ್ ಯುದ್ಧ, ಎರಡೂ ತಲೆಯಲ್ಲಿ ಕಲಸಿಕೊಂಡು ಈ ಕತೆ ಹುಟ್ಟಿತು ಅಂತ ಸುಝಾನ್ ಕಾಲಿನ್ಸ್ ಹೇಳಿಕೊಂಡಿದ್ದಾರೆ. ಆರು ವರ್ಷ ಬಿಟ್ಟು, 2014ರ ಮೇನಲ್ಲಿ ಥಾಯ್ಲೆಂಡಿನ ಸೇನೆ ಅಧಿಕಾರ ಕಿತ್ತುಕೊಂಡಿತು. ಬೀದಿಗಿಳಿದ ವಿದ್ಯಾರ್ಥಿಗಳು ಈ ಕತೆಯಲ್ಲಿ ಬರುವ ಹಾಗೆ ಮೂರು ಬೆರಳೆತ್ತಿ ನಿಂತರು. ಅದೇ ನವೆಂಬರಿನಲ್ಲಿ ಪ್ರಧಾನಿಯಾಗಿದ್ದ ಜನರಲ್ ಎದುರೇ ಬೆರಳೆತ್ತಿದ ವಿದ್ಯಾರ್ಥಿಗಳನ್ನು ಹಿಡಿದೊಯ್ದರು. ಬ್ಯಾಂಕಾಕಿನ ಕೆಲವು ಥಿಯೇಟರುಗಳು ಸರಣಿಯ ಹೊಸ ಸಿನಿಮಾದ ಪ್ರದರ್ಶನವನ್ನೇ ರದ್ದು ಮಾಡಿದವು. 2021ರಲ್ಲಿ ಮ್ಯಾನ್ಮಾರ್ ಸೇನೆಯೂ ಅದೇ ಕೆಲಸ ಮಾಡಿದಾಗ ಆ ದೇಶದ ರಾಯಭಾರಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಮಾತು ಮುಗಿಸಿ ಎತ್ತಿದ್ದು ಇದೇ ಮೂರು ಬೆರಳು.

‘ಮಕ್ಕಳ ಪುಸ್ತಕ’ ಅಂತ ಮೂಗು ಮುರಿಯುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ. ಹಾಗಂತ ಕಾದಂಬರಿ ಓದಿ ಕ್ರಾಂತಿ ಆಯ್ತು ಅನ್ನುತ್ತಿಲ್ಲ. ಥಾಯ್ಲೆಂಡಿನಲ್ಲಿ ಸೇನೆಯ ಹಿಡಿತ ಸುಲಭಕ್ಕೆ ಸಡಿಲವಾಗಲಿಲ್ಲ. ಆದರೆ ಭಾಷಣ, ಬ್ಯಾನರು ಎರಡಕ್ಕೂ ನಿಷೇಧ ಬಿದ್ದಾಗ ಎಲ್ಲರಿಗೂ ಅರ್ಥವಾಗುವ ಒಂದು ಸನ್ನೆ ಆ ಹುಡುಗರ ಬಳಿ ಇತ್ತು.

ಬೇಸಿಗೆ ಓದಿನ ಪಟ್ಟಿಗೂ ಹೆದರುವವರಿದ್ದಾರೆ. 2018ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್ ಬಳಿಯ ಒಂದು ಹೈಸ್ಕೂಲು ರಜೆಯಲ್ಲಿ ಓದಲು ಕೊಟ್ಟ ಪಟ್ಟಿಯಲ್ಲಿ ಆ್ಯಂಜಿ ಥಾಮಸ್ ಅವರ ‘ದ ಹೇಟ್ ಯು ಗಿವ್’ ಇತ್ತು. ಹದಿನಾರರ ಕಪ್ಪು ಹುಡುಗಿ ಸ್ಟಾರ್ ತನ್ನ ಗೆಳೆಯನನ್ನು ಪೊಲೀಸ್ ಗುಂಡಿಕ್ಕಿ ಕೊಲ್ಲುವುದನ್ನು ಕಣ್ಣಾರೆ ಕಾಣುತ್ತಾಳೆ. ಸಾಕ್ಷಿ ಹೇಳಬೇಕಾ, ಸುಮ್ಮನಿರಬೇಕಾ ಅನ್ನುವುದೇ ಕತೆ. ಆ ಪುಸ್ತಕವನ್ನು ಪಟ್ಟಿಯಿಂದ ತೆಗೆಯಿರಿ ಅಂತ ಪಟ್ಟು ಹಿಡಿದದ್ದು ಅಲ್ಲಿನ ಪೊಲೀಸರ ಸಂಘ!

ನಮ್ಮಲ್ಲಿ ಅಂಥ ಗಲಾಟೆ ಆಗುವುದಿಲ್ಲ, ಯಾಕಂದ್ರೆ ಪಟ್ಟಿಯೇ ಇಲ್ಲ. ನಮ್ಮ ಜಗಳವೆಲ್ಲ ಪಠ್ಯಪುಸ್ತಕದ್ದು. 2022ರ ಪರಿಷ್ಕರಣೆಯ ಗದ್ದಲ, ಸರ್ಕಾರ ಬದಲಾದ ಮೇಲೆ 2023ರಲ್ಲಿ ಮತ್ತೆ ತಿದ್ದಿದ್ದು, ಎರಡನ್ನೂ ನಾನು ವರದಿ ಮಾಡಿದ್ದೇನೆ. ಯಾವ ಪಾಠ ಒಳಗೆ, ಯಾವುದು ಹೊರಗೆ ಅನ್ನೋದು ಮುಖ್ಯವೇ, ಬೀದಿಗಿಳಿದವರು ಸರಿಯಾಗಿಯೇ ಇಳಿದರು. ಆದರೆ ಹದಿನಾರರ ಹುಡುಗ-ಹುಡುಗಿ ಪಠ್ಯದಾಚೆ ಏನು ಓದುತ್ತಾರೆ ಅಂತ ಎಡ, ಬಲ ಯಾರೂ ಕೇಳಲಿಲ್ಲ. ಪರೀಕ್ಷೆಗೆ ಬರದ ಪುಸ್ತಕವನ್ನು ನಾವು ಯಾರೂ ಪುಸ್ತಕ ಅಂತಲೇ ಎಣಿಸುವುದಿಲ್ಲವಲ್ಲ.

ಪ್ರಶಸ್ತಿಗಳನ್ನೇ ನೋಡಿ. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಇದೆ. ಅದರಲ್ಲಿ ‘ಯುವ’ ಅಂದರೆ ಬರೆಯುವವರ ವಯಸ್ಸು, 35ರೊಳಗಿರಬೇಕು. ಓದುವವರ ವಯಸ್ಸಿಗೆ ಸಂಬಂಧವೇ ಇಲ್ಲ. ಓದುಗರ ವಯಸ್ಸು ಲೆಕ್ಕಕ್ಕೆ ಬರುವುದು ಬಾಲ ಸಾಹಿತ್ಯ ಪುರಸ್ಕಾರದಲ್ಲಿ. ಅಲ್ಲಿ ಪುಟ್ಟ ಮಗುವೂ ಮೀಸೆ ಚಿಗುರಿದ ಹುಡುಗನೂ ಒಂದೇ ಬೆಂಚು.

ಅದಿರಲಿ, ಪುಸ್ತಕವೇನೋ ಹುಡುಕಬಹುದು. ಓದೋಕೆ ರಜೆ ಎಲ್ಲಿದೆ? ಅಕ್ಕನ ಮಗಳಿಗೆ ಲಿಸ್ಟ್ ಕಳಿಸುವ ಹೊತ್ತಿಗೆ ಅವಳ ರಜೆಯೇ ಮುಗಿದಿತ್ತು. ಅವಳು ಸೇರಲಿರುವ ಪಿಯು ಕಾಲೇಜು ಎಸ್ಸೆಸ್ಸೆಲ್ಸಿ ರಿಸಲ್ಟಿಗೂ ಮೊದಲೇ ‘ಬ್ರಿಡ್ಜ್ ಕೋರ್ಸ್’ ಶುರು ಮಾಡಿದೆ. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕು. ಇದು ಅವಳೊಬ್ಬಳ ಕತೆಯಲ್ಲ. ಮೊದಲ ಪಿಯು ಮುಗಿಸಿದವರಿಗೆ ಬೇಸಿಗೆಯಲ್ಲೇ ಎರಡನೇ ವರ್ಷದ ಪೋರ್ಷನ್. ಎರಡನೇ ಪಿಯು ಬರೆದವರಿಗೆ ಮೊದಲು ಸಿಇಟಿ, ಆಮೇಲೆ ನೀಟ್. ಹದಿನೈದರಿಂದ ಹದಿನೆಂಟರವರೆಗೆ, ಅಂದರೆ ಸರಿಯಾಗಿ ವೈಎ ಓದುವ ವಯಸ್ಸಿನಲ್ಲಿ, ಬೇಸಿಗೆ ಅನ್ನೋದೇ ಮಾಯ. ಅಕ್ಕನಿಗೆ ಫೋನ್ ಮಾಡಿ ರೇಗಿದೆ. ‘ನೀನು ಇಂಜಿನಿಯರಿಂಗ್ ಓದಿ ಪೇಪರಿಗೆ ಬರೀತಿದ್ದೀಯ, ನಿನಗೆ ಹೇಳೋಕೆ ಸುಲಭ ಕಣೋ’ ಅಂದಳು. ಫೀಸು ಕಟ್ಟಿದವಳು ಅವಳು, ನಾನು ಮರುಮಾತಾಡಲಿಲ್ಲ.

ಕೋಚಿಂಗಿಗೆ ದುಡ್ಡಿಲ್ಲದ ಮನೆಯ ಮಕ್ಕಳಿಗೆ ರಜೆ ಇರುತ್ತದೆ. ಅಂದರೆ ಗಾರೆ ಕೆಲಸ, ಹೋಟೆಲ್ ಕೆಲಸ, ತಮ್ಮ-ತಂಗಿಯರನ್ನು ನೋಡಿಕೊಳ್ಳುವ ಕೆಲಸ ಇರುತ್ತದೆ. ನಡುವೆ ಒಂದೆರಡು ಗಂಟೆ ಬಿಡುವು ಸಿಕ್ಕರೆ ಹೋಗಬಹುದಾದ ಜಾಗ ಊರಿನ ಗ್ರಂಥಾಲಯ. ಇಲ್ಲಿ ಸರ್ಕಾರ ಒಂದು ಒಳ್ಳೆ ಕೆಲಸ ಮಾಡಿದೆ, ಅದನ್ನು ಹೇಳಲೇಬೇಕು. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ, ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ, ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತವಾಯಿತು. ಈಗ ಅವುಗಳ ಹೆಸರು ‘ಅರಿವು ಕೇಂದ್ರ’. ಹಲವು ಕಡೆ ಬೇಸಿಗೆ ಶಿಬಿರವೂ ನಡೆಯುತ್ತದೆ. ಇಷ್ಟನ್ನು ನಡೆಸುವ ಮೇಲ್ವಿಚಾರಕರು ಮಾತ್ರ ಕನಿಷ್ಠ ವೇತನಕ್ಕಾಗಿ ವರ್ಷಗಟ್ಟಲೆ ಬೀದಿಯಲ್ಲಿ ಕೂತವರು.

ನಗರದ ಲೆಕ್ಕ ಬೇರೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ. 6 ಗ್ರಂಥಾಲಯ ಕರ ಸೇರುತ್ತದೆ. ನಿಮ್ಮ ಮನೆಯ ತೆರಿಗೆ ರಶೀದಿ ತೆಗೆದು ನೋಡಿ, ಸಾಲು ಸಾಲು ಸೆಸ್ಸುಗಳ ನಡುವೆ ಅದೂ ಇರುತ್ತದೆ. ಹೀಗೆ ವಸೂಲಾದ ದುಡ್ಡನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಗಳಿಗೆ ದಾಟಿಸಬೇಕು. ಬಿಬಿಎಂಪಿ ಇದ್ದಷ್ಟು ಕಾಲವೂ ಈ ಬಾಕಿ ನೂರಾರು ಕೋಟಿ ರೂಪಾಯಿ ಅಂತ ಸುದ್ದಿಯಾಗುತ್ತಲೇ ಇತ್ತು. ಅದೇ ಹೊತ್ತಿನಲ್ಲಿ ಪ್ರಕಾಶಕರು ಸಗಟು ಖರೀದಿ ತಡ, ಬಿಲ್ಲು ಬಾಕಿ ಅಂತ ಗೋಗರೆಯುತ್ತಿದ್ದರು. ಕನ್ನಡದಲ್ಲಿ ಹದಿಹರೆಯದವರ ಕಾದಂಬರಿ ಯಾಕಿಲ್ಲ ಅಂತ ಲೇಖಕರನ್ನು ದೂರುವ ಮೊದಲು ಈ ಲೆಕ್ಕ ನೋಡಬೇಕು. ದೊಡ್ಡ ಗಿರಾಕಿಯೇ ಸಮಯಕ್ಕೆ ದುಡ್ಡು ಕೊಡದಿದ್ದರೆ, ಕಪಾಟೇ ಇಲ್ಲದ ಪ್ರಕಾರಕ್ಕೆ ಯಾವ ಪ್ರಕಾಶಕ ಕೈ ಹಾಕುತ್ತಾನೆ?

ಹಾಗಾಗಿ ನನ್ನ ಸಲಹೆ ಇಷ್ಟೇ. ನಿಮ್ಮೂರಿನ ಗ್ರಾಮಸಭೆ ಯಾವಾಗ ಅಂತ ತಿಳಿದುಕೊಂಡು ಹೋಗಿ, ಅರಿವು ಕೇಂದ್ರದಲ್ಲಿ ಹದಿಹರೆಯದವರಿಗೆ ಒಂದು ಕಪಾಟು ಬೇಕು ಅಂತ ಕೇಳಿ, ಅದನ್ನು ನಡಾವಳಿಯಲ್ಲಿ ಬರೆಸಿ. ನಗರದವರು ಗ್ರಂಥಾಲಯ ಕರ ಎಷ್ಟು ವಸೂಲಾಯ್ತು, ಎಷ್ಟು ದಾಟಿಸಿದಿರಿ ಅಂತ ಆರ್‌ಟಿಐ ಹಾಕಿ. ಅರ್ಜಿ ಶುಲ್ಕ ಹತ್ತು ರೂಪಾಯಿ. ಹದಿನೆಂಟು ತುಂಬಿದ ದಿನ ಎಲ್ಲ ಪಕ್ಷಗಳೂ ‘ಯುವ ಮತದಾರ’ ಅಂತ ಹಾರ ಹಾಕೋಕೆ ಬರುತ್ತವೆ. ಹದಿನೇಳರಲ್ಲಿ ಎಲ್ಲಿದ್ರಿ ಅಂತಲೂ ಒಮ್ಮೆ ಕೇಳಿ.

ಇನ್ನು ಆ ಲಿಸ್ಟ್. ಕನ್ನಡದಲ್ಲಿ ವೈಎ ಅನ್ನುವ ಹಣೆಪಟ್ಟಿ ಇಲ್ಲದ ವೈಎ ಇದೆ ಅಂತ ಆ ಎರಡು ವಾರದಲ್ಲಿ ನನಗೆ ಗೊತ್ತಾಯ್ತು. ತೇಜಸ್ವಿಯವರ ‘ಕರ್ವಾಲೋ’ ಮೊದಲು. ಊರಿನವರ ಕಣ್ಣಿಗೆ ದಡ್ಡನಾದ ಮಂದಣ್ಣ ಒಬ್ಬ ವಿಜ್ಞಾನಿಯ ಕಣ್ಣಿಗೆ ಮಾತ್ರ ದಡ್ಡನಲ್ಲ. ಮಾರ್ಕ್ಸ್‌ಕಾರ್ಡಿನ ಮುಂದೆ ಕೂತ ಯಾವ ಮಕ್ಕಳಿಗೂ ಇದಕ್ಕಿಂತ ಒಳ್ಳೆ ಕಾದಂಬರಿ ನನಗೆ ಗೊತ್ತಿಲ್ಲ. ಎರಡನೆಯದು ‘ಚಿದಂಬರ ರಹಸ್ಯ’. ಕೆಸರೂರಿನ ರಫಿ ಮತ್ತು ಜಯಂತಿಯ ಪ್ರೀತಿ, ಸುತ್ತ ಹೊಗೆಯಾಡುವ ಊರು. 1985ರ ಪುಸ್ತಕ, ನಿನ್ನೆಯ ಪೇಪರ್ ಓದಿದ ಹಾಗಿದೆ. ಮೂರನೆಯದು ಕಳೆದ ವರ್ಷಗಳಲ್ಲಿ ನಮ್ಮನ್ನಗಲಿದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’. ಲೋಕೋಪಯೋಗಿ ಇಲಾಖೆಯಲ್ಲಿದ್ದು ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡವರು, ಊರು ಮುಳುಗುವುದನ್ನು ಮಕ್ಕಳಿಗಾಗಿಯೂ ಬರೆದರು. 2011ರ ಬಾಲ ಸಾಹಿತ್ಯ ಪುರಸ್ಕಾರ ಬಂದದ್ದು ಇದಕ್ಕೇ. ಆಮೇಲೆ ಸಿದ್ಧಲಿಂಗಯ್ಯನವರ ‘ಊರುಕೇರಿ’. ಅದು ಕಾದಂಬರಿ ಅಲ್ಲ, ಆತ್ಮಕತೆ. ಆದರೆ ಹಸಿವು, ಜಾತಿ, ಹಾಸ್ಟೆಲ್ಲಿನ ಬಗ್ಗೆ ಇಷ್ಟು ನಗಿಸುತ್ತಾ ಬರೆದವರು ಕಡಿಮೆ. ನೀತಿಪಾಠ ಬೇಡ ಅಂದವಳಿಗೆ ಇದೇ ಸರಿ. ಇಂಗ್ಲಿಷಿನಲ್ಲಿ ‘ಔಟ್‌ಸೈಡರ್ಸ್’ ಮತ್ತು ‘ಹೇಟ್ ಯು ಗಿವ್’. ಒಟ್ಟು ಆರು. ಎಂಟು ಮಾಡಿದ್ದೆ, ಬ್ರಿಡ್ಜ್ ಕೋರ್ಸಿನ ಟೈಮ್‌ಟೇಬಲ್ ನೋಡಿ ಎರಡು ಕಿತ್ತೆ.

ಪಾರ್ಸೆಲ್ ತಲುಪಿ ಒಂದು ವಾರವಾಗಿದೆ. ಕಾಲೇಜಿಗೆ ಹೋಗಿಬರುವಾಗ ಬಸ್ಸಿನಲ್ಲಿ ಓದುತ್ತಾಳಂತೆ, ಹೋಗ್ತಾ ನಲವತ್ತು ನಿಮಿಷ, ಬರ್ತಾ ನಲವತ್ತು. ಫಿಸಿಕ್ಸ್ ನೋಟ್ಸಿನ ಮಧ್ಯೆ ಇಟ್ಟುಕೊಂಡರೆ ಯಾರಿಗೂ ಗೊತ್ತಾಗಲ್ಲ ಅಂದಳು. ನಿನ್ನೆ ರಾತ್ರಿ ಮೆಸೇಜ್ ಬಂತು: ‘ಮಾಮ, ಆ ಹಾರೋ ಓತಿ ಸಿಗುತ್ತಾ ಇಲ್ವಾ? ಬೇಡ ಬೇಡ, ಹೇಳ್ಬೇಡ.’